ಕಾಕು ಕಾಯುತ್ತಿದ್ದ ಉತ್ತರ

...ಅಥವಾ ಮೈಕಿನ ಮುಂದೆ ಅವರು ಚಪ್ಪಲಿ ಬಿಟ್ಟು ಕೂರುತ್ತಿದ್ದರೆಂಬುದು ನಾನು ಆಮೇಲೆ ನೆನಪಿಗೆ ಸೇರಿಸಿಕೊಂಡದ್ದೇ? ಅವರ ಕೈಯಲ್ಲಿರುತ್ತಿದ್ದ ಬೀಸಣಿಗೆಯಂತೂ ನಿಜ. ತೆಲುಗು ಸೀಮೆಯ ಕುಷಾಯಿಗೂಡದ ನಮ್ಮ ಸಮುದಾಯ ರೇಡಿಯೋದಲ್ಲಿ ವಾರಕ್ಕೊಮ್ಮೆ ಕನ್ನಡ ಕಾರ್ಯಕ್ರಮ ನಡೆಸುತ್ತಿದ್ದ ಅವರು ನಮಗೆಲ್ಲ ಕಾಕು, ಅಂದರೆ ಚಿಕ್ಕಮ್ಮ. "ಇವತ್ತ ಏನ್ ಅಡಿಗಿ ರೀ?" ಎಂದು ಕೇಳುಗರನ್ನು ವಿಚಾರಿಸಿ, ತಲೆ ವಾಲಿಸಿ ಸುಮ್ಮನೆ ಕಾಯುತ್ತಿದ್ದರು. ಆಮೇಲೆ, "ಹೌದ್ರೀ? ಭಾಳ ಚಲೋ ಆತು" ಎಂದು ಮುಂದುವರಿಸುತ್ತಿದ್ದರು.

"ಮೇಡಂ, ರೇಡಿಯೋ ಹೀಗೆ ಸುಮ್ಮನಾದ್ರೆ ಕೆಟ್ಟಿದೆ ಅಂತ ಜನ ಆಫ್ ಮಾಡ್ತಾರೆ. ಹೀಗೇ ಆದ್ರೆ ಕಾರ್ಯಕ್ರಮಾನೇ ನಿಲ್ಲಿಸ್ಬೇಕಾಗುತ್ತೆ" ಎಂದ ಬೆಂಗಳೂರಿನಿಂದ ಬಂದಿದ್ದ ರೇಡಿಯೋ ಮ್ಯಾನೇಜರ್.

"ನಾವಷ್ಟ ಮಾತಾಡಿದ್ರ ಅದು ಮಾತೇನಪಾ? ಅವರಿಗೂ ಹೇಳೂದಿರ್ತೈತಿ."

ಮುಂದಿನ ವಾರ ಕಾಕು ಪ್ರಶ್ನೆ ಕೇಳಿ ಸುಮ್ಮನಾದೊಡನೆ ಅವನು ಹಾಡು ಹಾಕಿದ. ಕಾರ್ಯಕ್ರಮ ಮುಗಿಯುವ ಮೊದಲೇ ಎದುರಿನ ಅಪಾರ್ಟ್‌ಮೆಂಟಿನ ಅಜ್ಜಿಯೊಬ್ಬರು ಸೌಟು ಹಿಡಿದುಕೊಂಡೇ ಸ್ಟುಡಿಯೋ ಬಾಗಿಲಿಗೆ ಬಂದರು.

"ನಾ ಪುಂಡಿಪಲ್ಯ ಅಂತ ಹೇಳಾಕತ್ತಿದ್ದೆ. ನಡುವ ಹಾಡ ಹಚ್ಚಿದವ ಯಾವನಪಾ?"

ಕಾಕು ಆ ಅಜ್ಜಿಗೆ ತಮ್ಮ ಬೀಸಣಿಗೆ ಕೊಟ್ಟು, ಮ್ಯಾನೇಜರನ ಕಡೆ ನೋಡಿದರು.

"ಇನ್ಮೇಲೆ ಹಾಕಲ್ಲ, ಅಜ್ಜಿ" ಎಂದ ಅವನು.

ಕಾರ್ಯಕ್ರಮ ಉಳಿಯಿತು, ಅದರ ಮೌನವೂ ಉಳಿಯಿತು. ಆ ಮೌನದಲ್ಲಿ ಬೇರೆ ಮನೆಗಳಿಂದ ಯಾರು ಏನು ಹೇಳುತ್ತಿದ್ದರೋ, ನನಗೆ ಗೊತ್ತಿಲ್ಲ.