ಕತ್ತರಿ ಮಾವನ ಬಾಯಿ ಕಟ್ಟಿಸಿದ ಮೀನು

ಕ್ಷೌರದಂಗಡಿಯ ಯಜಮಾನರು ಬೀದಿಗೆಲ್ಲ ‘ಕತ್ತರಿ ಮಾವ’. ಕೂದಲು ಕತ್ತರಿಸುವುದಕ್ಕಿಂತ ತಲೆ ತಿನ್ನುವುದರಲ್ಲಿ ಅವರು ಎತ್ತಿದ ಕೈ. ಗಿರಾಕಿಯ ಕೊರಳಿಗೆ ಬಟ್ಟೆ ಕಟ್ಟಿದರೆಂದರೆ ಮುಗಿಯಿತು, ಅವನು ಎದ್ದು ಓಡುವಂತಿಲ್ಲ, ಇವರು ಬಾಯಿ ಮುಚ್ಚುವಂತಿಲ್ಲ. ಅಂಗಡಿಯ ಮೇಲೆಯೇ ಮನೆ. ಅಲ್ಲಿ ಮಾತ್ರ ಅವರ ಮಾತಿಗೆ ಗಿರಾಕಿಯೇ ಇರಲಿಲ್ಲ. ಇಡೀ ದಿನ ಹೊಲಿಗೆ ಯಂತ್ರದ ಗದ್ದಲದಲ್ಲಿ ಕಳೆಯುವ ಹೆಂಡತಿಗೆ ಸಂಜೆ ಗಾಜಿನ ತೊಟ್ಟಿಯ ಮುಂದೆ ಕೂತು ತನ್ನ ಕಿತ್ತಳೆ ಬಣ್ಣದ ಮೀನನ್ನು ನೋಡುತ್ತಿದ್ದರೆ ಲೋಕವೇ ಬೇಡ. ಮಾವ ಏನಾದರೂ ಶುರು ಹಚ್ಚಿಕೊಂಡರೆ, “ನೋಡಿ, ಇದೂ ದಿನವಿಡೀ ಬಾಯಿ ಆಡಿಸುತ್ತೆ. ಆದ್ರೆ ಸದ್ದು ಮಾಡಲ್ಲ” ಎನ್ನುತ್ತಿದ್ದಳು.

ತಂಗಿಯ ಮನೆಗೆ ಹೋಗಿದ್ದ ಅವಳು ಅಂದು ಸಂಜೆ ವಾಪಸು ಬರುವವಳಿದ್ದಳು. ಹೋಗುವಾಗ, “ಚಿಟಿಕೆ ಕಾಳು ಹಾಕಿ, ಸಾಕು. ಇನ್ನೇನೂ ಮಾಡೋಕೆ ಹೋಗ್ಬೇಡಿ” ಎಂದಿದ್ದಳು. ಹೇಳಿದಷ್ಟನ್ನೇ ಮಾಡಿದರೆ ಗಂಡಸರಿಗೆ ತಿಂದದ್ದು ಕರಗುತ್ತದೆಯೇ? ಫಳಫಳ ಹೊಳೆಯುವ ತೊಟ್ಟಿ ಕಂಡು ಅವಳು ಮೂಗಿನ ಮೇಲೆ ಬೆರಳಿಡಬೇಕು ಎಂಬ ಆಸೆ ಮಾವನಿಗೆ. ತೊಟ್ಟಿ ತೊಳೆಯುವವರೆಗೆ ಮೀನನ್ನು ಬಿಡೋಣವೆಂದರೆ ಮನೆಯ ಬಕೆಟ್ಟುಗಳೆಲ್ಲ ಸೋಪಿನ ವಾಸನೆ ಹೊಡೆಯುತ್ತಿದ್ದವು. ಹಾಗಾಗಿ ಅಂಗಡಿಯ ಬೇಸಿನ್ನನ್ನು ತಿಕ್ಕಿ ತೊಳೆದರು. ಕೂದಲು ತಡೆಯುವ ಜಾಲರಿಯನ್ನೂ ಕಿತ್ತು ತೊಳೆದು ಒಣಗಲಿಟ್ಟರು. ತೂತಿಗೆ ಬಿರಡೆ ಒತ್ತಿ, ನೀರು ತುಂಬಿ, ಮೀನನ್ನು ಅದರೊಳಗೆ ಬಿಟ್ಟರು.

ಅಷ್ಟರಲ್ಲಿ ಬಸ್ ಡ್ರೈವರ್ ಬಂದ. “ಮಾವ, ಬೇಗ ಒಂದು ಶೇವ್ ಮಾಡಿ. ಗಾಡಿ ತೆಗೀಬೇಕು.”

ಮಾವ ಬ್ರಷ್ ಹಿಡಿದರು. ಮೊದಮೊದಲು ಎಚ್ಚರವಿತ್ತು, ಬ್ಲೇಡಿನ ನೊರೆಯನ್ನು ಕಾಗದಕ್ಕೆ ಒರೆಸಿದರು. ಹೇಳುತ್ತಿದ್ದ ಕತೆ ರಂಗೇರಿದ ಮೇಲೆ ಕೈ ತನ್ನ ಪಾಡಿಗೆ ಓಡತೊಡಗಿತು. ಒಂದು ಕೆನ್ನೆ ಮುಗಿದೊಡನೆ ಬೇಸಿನ್ನಿನ ಹಳೇ ನೀರು ಬಿಟ್ಟು ಹೊಸದು ತುಂಬಿಸುವುದು ಆ ಕೈಗೆ ಅಂಟಿದ ಅಭ್ಯಾಸ. ಅದು ಹೋಗಿ ಬಿರಡೆ ಎಳೆಯಿತು. ಗೊಳಗೊಳ ಸದ್ದು ಕೇಳಿ ಮಾವ ತಿರುಗುವಷ್ಟರಲ್ಲಿ ಕಿತ್ತಳೆ ಬಾಲವೊಂದು ತೂತಿನಲ್ಲಿ ಇಳಿದುಹೋಯಿತು.

“ಅಯ್ಯೋ! ನಮ್ಮವಳ ಮೀನು!”

ಡ್ರೈವರ್ ಅರ್ಧ ಮುಖದ ನೊರೆಯಲ್ಲೇ ಹೊರಗೋಡಿ, ಚರಂಡಿಗೆ ಬೀಳುವ ಪೈಪಿನ ಬಾಯಿಗೆ ಟೀ ಜರಡಿ ಹಿಡಿದು ಕುಕ್ಕರಗಾಲಲ್ಲಿ ಕೂತ. ಮಾವ ಒಳಗಿನಿಂದ ಚೊಂಬುಗಟ್ಟಲೆ ನೀರು ಸುರಿದರು. “ಬಂತೇನೋ?” “ನೊರೆ ಬಂತು ಮಾವ!” ಕೊನೆಗೆ ಪೈಪನ್ನೇ ಬಿಚ್ಚಿದರು. ಸಿಕ್ಕಿದ್ದು ಕೂದಲ ಉಂಡೆ, ಯಾರದೋ ಅಂಗಿಯ ಗುಂಡಿ.

“ಅಂಥದ್ದೇ ಇನ್ನೊಂದು ತಂದುಬಿಡಿ. ಮೀನಿಗೇನು ಮುಖಚಹರೆ ಇರುತ್ತಾ?” ಎಂದು ಸಲಹೆ ಕೊಟ್ಟು ಡ್ರೈವರ್ ಓಡಿದ. ಅಂದು ಆ ಬಸ್ಸಿನ ಎಡಗಡೆ ಕೂತವರು ಕಂಡ ಡ್ರೈವರೇ ಬೇರೆ, ಬಲಗಡೆಯವರು ಕಂಡವನೇ ಬೇರೆ.

ಮೀನಿನ ಅಂಗಡಿಯಲ್ಲಿ ಅಂಥವು ಬೇಕಾದಷ್ಟಿದ್ದವು. ಒಂದನ್ನು ಚೀಲದಲ್ಲಿ ಕಟ್ಟಿಸಿಯೂ ಆಯಿತು. ಆಗ, ದಿನಾ ಸಂಜೆ ಅವಳು ಅದನ್ನೇ ಹಳೆಯದೆಂದು ನಂಬಿ ಪ್ರೀತಿಯಿಂದ ನೋಡುತ್ತ ಕೂತಿರುವುದು ಮಾವನ ಕಣ್ಣಿಗೆ ಕಟ್ಟಿತು. ಬೀದಿಯವರ ಮುಂದೆ ಕಡ್ಡಿಯನ್ನು ಗುಡ್ಡ ಮಾಡುವ ಮನುಷ್ಯ ಹೆಂಡತಿಯ ಮುಂದೆ ಸುಳ್ಳು ಹೇಳಿದವರಲ್ಲ. ಚೀಲ ವಾಪಸು ಕೊಟ್ಟು ಬರಿಗೈಯಲ್ಲಿ ಬಂದರು.

ಆಮೇಲಿನ ಗಿರಾಕಿಗಳಿಗೆ ದಿಗಿಲೋ ದಿಗಿಲು. ಮಾವ ತುಟಿ ಪಿಟ್ಟೆನ್ನುತ್ತಿಲ್ಲ! ಮೇಷ್ಟ್ರೊಬ್ಬರು ಹೋಗುವ ಮುನ್ನ ಎರಡು ಕಿವಿಯೂ ಇವೆಯೇ ಎಂದು ಮುಟ್ಟಿ ನೋಡಿಕೊಂಡರು.

ಸಂಜೆ ಹೆಂಡತಿ ಮೆಟ್ಟಿಲು ಹತ್ತಿ ಬಂದಾಗ ಮಾವ ಇಂಗು ತಿಂದ ಮಂಗನ ಹಾಗೆ ಕೂತಿದ್ದರು. “ಏನಾಯ್ತು?” ಎಂದಳು. ಮಾತಿಲ್ಲ. ಅವಳ ಮುಖ ಬಿಳಿಚಿಕೊಂಡಿತು. ಕೈಚೀಲ ಅಲ್ಲೇ ಬಿಟ್ಟು ಬಂದು ಹಣೆ ಮುಟ್ಟಿದಳು. “ಎದೆ ನೋವಾ? ಡಾಕ್ಟರ ಹತ್ರ ಹೋಗೋಣ್ವಾ? ಏನಾದ್ರೂ ಮಾತಾಡಿ, ನಿಮಗೆ ಕೈ ಮುಗೀತೀನಿ!”

“ನಿನ್ನ ಮೀನು... ನನ್ನ ಕೈಯಿಂದಾನೇ ಹೋಯ್ತು ಕಣೇ.”

ಅವಳು ಅಲ್ಲೇ ಕುಸಿದು ಕೂತಳು. ಕಣ್ಣು ತುಂಬಿ ಹರಿಯಿತು. ಅದರಲ್ಲಿ ಮೀನಿನ ಪಾಲೆಷ್ಟು, ತಮ್ಮ ಪಾಲೆಷ್ಟು ಎಂದು ಮಾವನಿಗೆ ತಿಳಿಯಲಿಲ್ಲ.

“ಹೇಗೆ?” ಎಂದಳು.

ಮಾವ ತಡವರಿಸುತ್ತ ಹೇಳತೊಡಗಿದರು. ಬಿರಡೆ ಎಳೆದದ್ದು ಕೇಳಿ ಅವಳು ಮೂಗು ಒರೆಸಿಕೊಂಡಳು. ಡ್ರೈವರ್ ಜರಡಿ ಹಿಡಿದು ಕೂತದ್ದು ಕೇಳಿ ತುಟಿ ಕೊಂಚ ಸಡಿಲಾಯಿತು. ಮೇಷ್ಟ್ರು ಕಿವಿ ಮುಟ್ಟಿಕೊಂಡಲ್ಲಿಗೆ ಅಳುವಿನ ಮಧ್ಯೆಯೇ ಕಿಸಕ್ಕೆಂದಳು. ಮಾತು ಅತಿಯಾಯಿತೇನೋ ಎನಿಸಿ ಮಾವ ಗಕ್ಕನೆ ನಿಲ್ಲಿಸಿದರು.

ಅವಳು ಇನ್ನಷ್ಟು ಹತ್ತಿರ ಸರಿದು ಕೂತಳು. “ಆಮೇಲೆ?” ಎಂದಳು.

ಮದುವೆಯಾದಾಗಿನಿಂದ ಆ ಮಾತನ್ನು ಅವಳ ಬಾಯಿಂದ ಕೇಳಿದ್ದು ಅದೇ ಮೊದಲು. ಕತೆ ಅಲ್ಲಿಗೇ ಮುಗಿದಿತ್ತು. ಆದರೂ ಮಾವ ಊಟದ ಹೊತ್ತಿನವರೆಗೆ ಹೇಳಿದರು.