ಅಣ್ಣನ ಪಿಕಪ್ ತಗ್ಗಿಸಿದ್ದು

ಅಣ್ಣನ ಎಡತೊಡೆಗೆ ರಾಡ್ ಹಾಕಿದ ಮರುದಿನ ಡಾಕ್ಟರು ಹೇಳಿದ್ದನ್ನು ಕೇಳಿಸಿಕೊಂಡವನು ನಾನೊಬ್ಬನೇ. ಅಣ್ಣ ಮಂಪರಿನಲ್ಲಿದ್ದ. ವೈನಿ, ಅಂದರೆ ಅತ್ತಿಗೆ, ಔಷಧಿ ತರಲು ಕೆಳಗೆ ಹೋಗಿದ್ದರು. ಅವರು ಬಂದ ಮೇಲೆ ನಾನು ಹೇಳಿದ್ದು ಇಷ್ಟು: "ಎಲ್ಲಾ ಛಲೋ ಆಗ್ತದಂತ. ಖರೆ, ಎತ್ತರ ಹತ್ತಬಾರದಂತ."

ಆ ಮಾತನ್ನು ನಂಬಿ ನಾವು ಒಂದು ಗಾಡಿಯನ್ನು ಬಿಚ್ಚಿದೆವು.

ಶಹಾಬಾದಿನ ಗಣಿಗಳಿಂದ ನೆಲಕ್ಕೆ ಹಾಸುವ ಫರ್ಸಿ ಕಲ್ಲು ತುಂಬಿಕೊಂಡು ಸೇಡಂ, ಚಿಂಚೋಳಿ ಕಡೆ ಹಾಕಿ ಬರುವುದು ಅಣ್ಣನ ಕೆಲಸ. ಕಲ್ಲಿನ ಭಾರಕ್ಕೆ ಪಿಕಪ್ ಕುಸಿಯಬಾರದೆಂದು ಅವನು ನಾಲ್ಕೂ ಕಡೆ ಪಾಟಾ ಹೆಚ್ಚಿಸಿದ್ದ. ಪಾಟಾ ಅಂದರೆ ಅಚ್ಚಿನ ಮೇಲೆ ಒಂದಕ್ಕೊಂದು ಜೋಡಿಸಿ ಬಿಗಿದ, ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿ. ಹಾಗಾಗಿ ಖಾಲಿ ನಿಂತಾಗ ಅವನ ಗಾಡಿ ಬೇರೆಯವರ ಗಾಡಿಗಿಂತ ನಾಲ್ಕು ಬೆರಳು ಎತ್ತರ. ಆಸ್ಪತ್ರೆಯಿಂದ ಬಂದ ನಾಲ್ಕು ತಿಂಗಳಿಗೆ ಒಂದು ಬೆಳಿಗ್ಗೆ ಕೋಲು ಹಿಡಿದು ಅಂಗಳಕ್ಕೆ ಬಂದ. ಗಾಡಿಯ ಬಾಗಿಲು ತೆಗೆದು, ಎಡಗಾಲೆತ್ತಿ ಒಳಗಿಡಲು ನೋಡಿದ. ಕಾಲು ಅಷ್ಟು ಮೇಲೆ ಏಳಲಿಲ್ಲ. ಮೂರು ಸಲ ನೋಡಿ, ನನ್ನ ಕಡೆ ತಿರುಗಿ, "ಗಾಡಿ ತಗ್ಗಸೋಣೇನು?" ಅಂದ.

"ಕಲ್ಲು ಹ್ಯಾಂಗ ಹೇರ್ತಿ?"

"ಕಲ್ಲು ಬ್ಯಾಡ ಬಿಡು. ತೊಗರಿ ಹೇರ್ತೀನಿ, ಉಳ್ಳಾಗಡ್ಡಿ ಹೇರ್ತೀನಿ. ಒಟ್ಟ ಸ್ಟೇರಿಂಗ್ ಹಿಡದ್ರ ಸಾಕು ನನಗ."

ವಾಡಿಯ ಗ್ಯಾರೇಜಿನವನಿಗೆ ಫೋನ್ ಮಾಡಿದರೆ ಅವನು ನಕ್ಕ. "ಎಲ್ಲಾರೂ ಪಾಟಾ ಹಾಕ್ಸಾಕ ಬರ್ತಾರ್ರಿ, ತಗಸಾಕ ಬಂದವ್ರು ನೀವ ಮೊದಲು. ಮದಿವಿ ಗಾಡಿ ಮಾಡಾಕತ್ತೀರೇನು?" ಫೋನು ಸ್ಪೀಕರಿನಲ್ಲಿತ್ತು. ಅಣ್ಣ ಕುರ್ಚಿಯನ್ನು ಗಾಡಿಯ ಹತ್ತಿರ ಎಳೆದುಕೊಂಡ. ಚಿತ್ತಾಪುರದ ನಮ್ಮ ಮನೆಯ ಅಂಗಳದಲ್ಲೇ ಕೆಲಸ ಶುರುವಾಯಿತು. ಹೇಳುವವನು ಅವನು, ಮಾಡುವವನು ನಾನು.

ನಾನು ಇತಿಹಾಸ ಓದಿದವನು, ಸ್ಪಾನರ್ ಹಿಡಿದವನಲ್ಲ. ಜಾಕ್ ಏರಿಸಿದ ಮೇಲೆ ಚಾಸಿಸ್ ಕೆಳಗೆ ಫರ್ಸಿ ಕಲ್ಲುಗಳನ್ನೇ ಪೇರಿಸಿ ಆಧಾರ ಕೊಡು ಎಂದ ಅಣ್ಣ. ಈ ಕಲ್ಲು ಪದರು ಪದರಾಗಿ ಸೀಳುತ್ತದಲ್ಲ ಎಂದು ನಾನು ಅನುಮಾನಿಸಿದೆ. ಎರಡು ಸಲ ಕೆಳಗೆ ಬಗ್ಗಿ, ಎರಡು ಸಲವೂ ಹೊರಗೆ ಬಂದೆ.

"ಇವನಿಗಿ ದೇವರ ಮ್ಯಾಲೂ ನಂಬಿಕಿ ಇಲ್ಲ, ಕಲ್ಲಿನ ಮ್ಯಾಲೂ ಇಲ್ಲ," ಎಂದ ಅಣ್ಣ.

"ಸಾಹೇಬ್ರು ಮದಲ ಕಲ್ಲಿನ ಮ್ಯಾಲ ಒಂದು ಪುಸ್ತಕ ಬರೀಲಿ, ಆಮ್ಯಾಲ ಗಾಡಿ ಕೆಳಗ ಹೋಗ್ಲಿ," ಎಂದರು ವೈನಿ, ಹೊಸ್ತಿಲಲ್ಲಿ ಕೂತು ತೊಗರಿಬೇಳೆ ಹಸನು ಮಾಡುತ್ತ.

ಕಲ್ಲು ಸೀಳಲಿಲ್ಲ. ತುಕ್ಕು ಹಿಡಿದ ಬೋಲ್ಟುಗಳಿಗೆ ಡೀಸೆಲ್ ಹಾಕಿ, ಪೈಪು ಸಿಕ್ಕಿಸಿ ತಿರುಗಿಸಿ, ಮೊದಲ ದಿನ ಮುಂದಿನ ಎರಡು ಚಕ್ರ ಮುಗಿಸಿದೆ. ಒಂದೊಂದು ಪಾಟಾ ಕಳಚಿ ಬಂದಾಗಲೂ ಅಣ್ಣ ಅದನ್ನು ತೊಡೆಯ ಮೇಲಿಟ್ಟುಕೊಂಡು ಚಿಂದಿ ಬಟ್ಟೆಯಿಂದ ಒರೆಸುತ್ತಿದ್ದ. "ಇದು ಚಿಮ್ಮನಚೋಡದಾಗ ಸಾಲಿ ಕಟ್ಟೋವಾಗ ಹಾಕಿದ್ದು. ಇದು ಕೋಡ್ಲಾ ರಸ್ತೆದಾಗ ಮುರದು ಮತ್ತ ಹಾಕ್ಸಿದ್ದು." ಮಳೆಗಾಲ, ಬೆಲೆ, ಗುಂಡಿ, ಎಲ್ಲ ಅವನಿಗೆ ನೆನಪಿತ್ತು.

ಎರಡನೆಯ ದಿನ ನಾನು ಹಿಂದಿನ ಚಕ್ರದ ಕೆಳಗೆ ಮಲಗಿದ್ದೆ. ವೈನಿ ಸುಮ್ಮನೆ ಕೇಳಿದರು, "ಡಾಕ್ಟರ್ ಆವತ್ತು ಎಲ್ಲಿ ಸಿಕ್ಕಿದ್ರು ನಿಮಗ?"

"ವಾರ್ಡಿನ್ಯಾಗ. ಕಿಟಕಿ ಹತ್ರ ನಿಂತು, ಎಕ್ಸ್‌ರೇ ಬೆಳಕಿಗಿ ಹಿಡದು ತೋರ್ಸಿದ್ರು."

"ಆ ವಾರ್ಡಿಗಿ ಕಿಟಕಿನೇ ಇಲ್ಲಲ್ಲ. ಹನ್ನೊಂದು ದಿನ ಉಸರು ಕಟ್ಟಿ ಕುಂತೀನಿ ನಾ ಅಲ್ಲಿ."

ನನ್ನ ಕೈ ಸ್ಪಾನರಿನ ಮೇಲೆ ನಿಂತಿತು. ಕಿಟಕಿ ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು, ಆಚೆಗಿನ ನೀರಿನ ಟ್ಯಾಂಕಿನ ಸಮೇತ. ಒಬ್ಬನೇ ಸಾಕ್ಷಿ ಇದ್ದಾಗ ಆತನ ಮಾತನ್ನು ಹಾಗೇ ಒಪ್ಪಬಾರದೆಂದು ವಿಶ್ವವಿದ್ಯಾಲಯದಲ್ಲಿ ಕಲಿತಿದ್ದೆ. ಈ ಸಂಗತಿಗೆ ಇರುವ ಒಬ್ಬನೇ ಸಾಕ್ಷಿ ನಾನು. ಕಿಟಕಿ ಸುಳ್ಳಾದರೆ, ಅಲ್ಲಿ ನಿಂತು ಹೇಳಿದ ಮಾತು? ಡಾಕ್ಟರು ಎತ್ತರ ಹತ್ತಬಾರದು ಎಂದರೇ, ಅಥವಾ ಕಾಲಿಗೆ ಮೊದಲಿನ ಬಲ ಬರಲಿಕ್ಕಿಲ್ಲ ಎಂದದ್ದನ್ನು ನಾನೇ, ಮೆಟ್ಟಿಲಲ್ಲಿ ಏದುಸಿರು ಬಿಡುತ್ತ ಬರುತ್ತಿದ್ದ ವೈನಿಯ ಮುಖ ನೋಡಿ, ಸಣ್ಣದು ಮಾಡಿದೆನೇ? ಡಿಸ್ಚಾರ್ಜ್ ಚೀಟಿಯಲ್ಲಿ ಗುಳಿಗೆಗಳ ಹೆಸರು ಮಾತ್ರ ಇದ್ದವು. ಆವತ್ತೇ ಕಲಬುರಗಿಯ ಆ ಆಸ್ಪತ್ರೆಗೆ ಹೋಗಿ ಕೇಳಬಹುದಿತ್ತು. ಹೋಗಲಿಲ್ಲ. ಗಾಡಿ ಅರ್ಧ ಬಿಚ್ಚಿದೆ ಎಂದು ನನಗೆ ನಾನೇ ನೆಪ ಹೇಳಿಕೊಂಡೆ. ಉತ್ತರ ಏನು ಬಂದೀತೋ ಎಂಬ ಹೆದರಿಕೆಯೇ ನಿಜವಾದ ಕಾರಣ.

ಮೂರನೆಯ ದಿನ ಹನ್ನೊಂದರ ಹೊತ್ತಿಗೆ ಕೆಲಸ ಮುಗಿಯಿತು. ಗಾಡಿ ಕಲ್ಲುಗಳ ಮೇಲಿಂದ ನೆಲಕ್ಕಿಳಿದು, ಇಳಿಯಬೇಕಾದಷ್ಟೇ ಇಳಿದು ನಿಂತಿತು. ಅಣ್ಣ ಬೆರಳಿಟ್ಟು ಅಳೆದ. ಕೋಲನ್ನು ನನ್ನ ಕೈಗೆ ಕೊಟ್ಟು, ಬಾಗಿಲ ಮೇಲಿನ ಹಿಡಿಕೆ ಹಿಡಿದು, ಎಡಗಾಲು ಒಳಗಿಟ್ಟು, ತೋಳಿನ ಬಲದಲ್ಲೇ ಮೈ ಎಳೆದುಕೊಂಡು ಕುಳಿತುಬಿಟ್ಟ. ವೈನಿ ಸೆರಗು ಬಾಯಿಗೆ ಒತ್ತಿಕೊಂಡರು. ಅವನು ಕನ್ನಡಿ ಸರಿಮಾಡಿ, ನ್ಯೂಟ್ರಲ್ಲಿನಲ್ಲಿದ್ದ ಗಾಡಿಯ ಚಾವಿ ತಿರುಗಿಸಿದ. ಎಂಜಿನ್ ಶುರುವಾಯಿತು.

ಆಮೇಲೆ ಕ್ಲಚ್ ತುಳಿದ.

ಎಡಪಾದ ಪೆಡಲಿನ ಮೇಲೆ ಇತ್ತು, ಅಷ್ಟೇ. ಪೆಡಲು ಇಳಿಯಲಿಲ್ಲ. ಎರಡೂ ಕೈಗಳಿಂದ ಮೊಣಕಾಲನ್ನು ಒತ್ತಿದ, ಅರ್ಧ ಹೋಗಿ ಮೇಲೆ ಬಂತು. ಮತ್ತೆ ಒತ್ತಿದ. ಕುತ್ತಿಗೆಯ ನರ ಎದ್ದವು. ನಾನು ಅವನ ಕೋಲು ಹಿಡಿದು ನೋಡುತ್ತ ನಿಂತಿದ್ದೆ. ಗಾಡಿಯನ್ನು ಇನ್ನೂ ಎಷ್ಟು ತಗ್ಗಿಸಿದರೂ ಆ ಪೆಡಲಿಗೆ ಏನೂ ಆಗುವಂತಿರಲಿಲ್ಲ.

ಚಾವಿ ತಿರುಗಿಸಿ ಎಂಜಿನ್ ಬಂದ್ ಮಾಡಿದ.

"ಡಾಕ್ಟರ್ ಖರೇನ ಏನಂದಿದ್ದ?"

"ನೆನಪಿಲ್ಲಣ್ಣ."

"ಎತ್ತರ ಹತ್ತಬಾರದು ಅಂತ ಹೇಳಿದ್ದಿ ಅಲ್ಲ?"

"ನಾ ಅಂದಿದ್ದು ನೆನಪದ. ಅವರು ಅಂದಿದ್ದು ನೆನಪಿಲ್ಲ."

ಅದು ನಿಜವಾಗಿತ್ತು. ನನ್ನ ಕಿವಿಗೇ ಅದು ತಪ್ಪಿಸಿಕೊಳ್ಳುವವನ ಮಾತಿನಂತೆ ಕೇಳಿಸಿತು. ಅವನು ಬೈಯುತ್ತಾನೆಂದು ಕಾದೆ. ಬೈಯಲಿಲ್ಲ. ಗಾಜಿನಾಚೆ ನೋಡುತ್ತಲೇ ಹೇಳಿದ:

"ಪಾಟಾ ತಿರುಗಿ ಹಾಕು, ತಮ್ಮಾ. ಮಾರಾಕ ಹೋದ್ರ, ತಗೋಳ್ಳವ್ರಿಗಿ ಕಲ್ಲು ಎಳ್ಯೋ ಗಾಡಿ ಬೇಕಾಗ್ತದ."

ವೈನಿ ಎದ್ದು ಒಳಗೆ ಹೋದರು. ನಾನು ಜಾಕ್ ತಂದು ಮುಂದಿನ ಚಕ್ರದ ಪಕ್ಕ ಇಟ್ಟೆ. ಮೇಲೆ ಆಳು ಕೂತಿರುವಾಗ ಗಾಡಿ ಎತ್ತಬಾರದೆಂದು ಮೊದಲ ದಿನ ಅವನೇ ಹೇಳಿಕೊಟ್ಟಿದ್ದ. ಅವನು ಎರಡೂ ಕೈ ಸ್ಟೇರಿಂಗ್ ಮೇಲಿಟ್ಟು ಕೂತೇ ಇದ್ದ. ಇಳಿ ಎನ್ನಲು ನನಗೆ ಬಾಯಿ ಬರಲಿಲ್ಲ.