ಭೂಪತಿ ಕುಗ್ಗಿಸದ ಮದುವೆ

ಪಲ್ಲಡಂನಲ್ಲಿ ಮದುವೆ ಕ್ಯಾಸೆಟ್ಟುಗಳನ್ನು ಸೀಡಿಗೆ ಇಳಿಸಿಕೊಡುವ ಭೂಪತಿ ಮೌಸ್ ಮುಟ್ಟುವವನಲ್ಲ. ಲಿನಕ್ಸಿನ ಕಪ್ಪು ಪರದೆಯಲ್ಲಿ ಒಂದು ಸಾಲು ಬಡಿದು ಕೈಕಟ್ಟಿ ಕೂರುತ್ತಾನೆ; ನೋಡಿದ ಗಿರಾಕಿಗಳು ಕಂಪ್ಯೂಟರ್ ಕೆಟ್ಟಿದೆಯೆಂದು ಮರುಗುತ್ತಾರೆ. ಮುಗಿಯಿತೇ ಎಂದು ಯಾರು ಕೇಳಿದರೂ ತಲೆಯೆತ್ತದೆ “ಓಡುದುಂಗ” ಎನ್ನುತ್ತಾನೆ, ಓಡುತ್ತಿದೆ ಎಂದು. ಊಟವಾಯಿತೇ ಎಂದರೂ ಅದೇ ಉತ್ತರ. ಬೀದಿಯ ಕರೆಂಟು ಮಗ್ಗಗಳ ಸದ್ದು ನಿಂತಿತೆಂದರೆ ಕರೆಂಟು ಹೋಯಿತು, ಮುಕ್ಕಾಲು ಇಳಿದ ಮದುವೆಯನ್ನು ಮತ್ತೆ ಗಣಪತಿ ಪೂಜೆಯಿಂದ ಶುರುಮಾಡಬೇಕು. ಊರವರಿಗೆಲ್ಲ ಹೀಗೆ ಎರಡೆರಡು ಸಲ ತಾಳಿ ಕಟ್ಟಿಸಿ ಕಟ್ಟಿಸಿ ಅವನಿಗೆ ಸಾಕಾಗಿಹೋಗಿದೆ. ಮನೆಯಲ್ಲಿ ಅಕ್ಕಿ ಡಬ್ಬದ ಪಕ್ಕ ಒಂದು ಹಳೆಯ ಕಂಪ್ಯೂಟರ್ ಎಲ್ಲ ಮದುವೆಗಳ ಪ್ರತಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಗುಂಯ್‌ಗುಡುತ್ತಿರುತ್ತದೆ. ಅದನ್ನವನು ಸರ್ವರ್ ಎನ್ನುತ್ತಾನೆ. ಸದಾ ಗೊಣಗುವುದರಿಂದ ಹೆಂಡತಿ ತೇನ್ಮೊಳಿ ಅದನ್ನು ‘ಅತ್ತೆ’ ಎನ್ನುತ್ತಾಳೆ. ಜಾಗ ಸಾಲದಾದಾಗ ಒಂದೊಂದೇ ಮದುವೆಯನ್ನು ಕುಗ್ಗಿಸುತ್ತಾನೆ, ಒಂದನ್ನು ಬಿಟ್ಟು. “ಎನ್ನಂಗ, ಇಲ್ಕೇಳಿ, ಆ ದೊಡ್ಡದ ಮೊದ್ಲು ಕುಗ್ಗ್ಸಿ. ಯಾರೋ ಉಡುಮಲೈನೋರ ಕಲ್ಯಾಣ ನಮ್ಗ್ಯಾಕೆ?” ಎಂದು ಅವಳು ರೇಗಿದರೆ, “ಕುಗ್ಗ್ಸಿದ್ರೆ ಹಿಂದಿನ ಸದ್ದೆಲ್ಲ ಸವ್ದೋಗ್ತದೆ” ಎಂದಷ್ಟೇ ಹೇಳಿ ಎದ್ದುಹೋಗುತ್ತಾನೆ. ಆ ಮದುವೆಯ ಊಟದ ಪಂಕ್ತಿಯಲ್ಲಿ, ನಾದಸ್ವರದ ಗದ್ದಲದ ಹಿಂದೆ, ಬಡಿಸಲು ಬಂದ, ಕ್ಯಾಮೆರಾಕ್ಕೆ ಕಾಣದ ಒಬ್ಬ ಹೆಂಗಸು ಮನೆಮಾತಾದ ಕನ್ನಡದಲ್ಲಿ ಕೂಗುತ್ತಾಳೆ: “ಭೂಪತೀ, ಉಂಡ್ಯಾ ಕಣ್ಣು?” ಮಗನನ್ನು ಮುದ್ದಿಗೆ ‘ಕಣ್ಣು’ ಎಂದೇ ಕರೆಯುತ್ತಿದ್ದ, ತೀರಿಹೋದ ತಾಯಿ ರಾಮಾತಾಳ್ ದನಿ ಉಳಿದಿರುವುದು ಅಲ್ಲೊಂದೇ ಕಡೆ. ಅವತ್ತು ಕ್ಯಾಮೆರಾ ಹಿಡಿದಿದ್ದವನು ಭೂಪತಿಯೇ. ತನ್ನ ದನಿ ಕ್ಯಾಸೆಟ್ಟಿನಲ್ಲಿ ಬೀಳಬಾರದೆಂದು ಅವನು ಓಗೊಟ್ಟಿರಲಿಲ್ಲ.